ರೂತವ್ವನ ಗಡಿಗೆಯ ಬಿಳಿಜೋಳ

ಹೋದ ವಾರ ನಮ್ಮ ಅಡುಗೆಯ ನೀಲವ್ವ ತೊಗರಿಬೇಳೆ ಪ್ಯಾಕೆಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಾಗ ಸಿಕ್ಕಿಬಿದ್ದಳು. ನನ್ನ ಬಿ.ಪಿ. ಏರಿತು. "ನಾಳಿಂದ ಬರಬ್ಯಾಡ" ಅಂದುಬಿಟ್ಟೆ. ಅವಳು ತಲೆ ತಗ್ಗಿಸಿ ಹೋದಳು. ನಾನು ಗೆದ್ದವಳ ಹಾಗೆ ಚಹಾಕ್ಕೆ ಕೂತೆ.

ಚಹಾ ಅರ್ಧಕ್ಕೇ ನಿಂತಿತು. ರೂತವ್ವ ನೆನಪಾಗಿದ್ದಳು.

ಏಕೀಕರಣದ ಗದ್ದಲದ ದಿನಗಳು. ಬೆಟಗೇರಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಪಕ್ಕದವಳು ರೂತವ್ವ. ಕ್ರೈಸ್ತ ವಿಧವೆ, ಮಗ್ಗವೇ ಜೀವನ. (ಆ ಮಗ್ಗದ ಸದ್ದಿಲ್ಲದೆ ನನ್ನ ಬಾಲ್ಯ ನೆನಪಾಗುವುದೇ ಇಲ್ಲ.) ಅವರ ಚರ್ಚಿನ ಹೆಂಗಸರು ರೊಟ್ಟಿಗೆ ಜೋಳ ತೆಗೆಯುವಾಗಲೆಲ್ಲ ಒಂದು ಹಿಡಿ ದೇವರ ಹೆಸರಲ್ಲಿ ಎತ್ತಿಡುತ್ತಿದ್ದರು. ಅದೆಲ್ಲ ರೂತವ್ವನ ಪಡಸಾಲೆಯ ಗಡಿಗೆ ಸೇರುತ್ತಿತ್ತು. ತಿಂಗಳಿಗೊಮ್ಮೆ ಚರ್ಚಿನ ಹಿರಿಯರಾದ ಯಾಕೋಬಪ್ಪನವರು ಅದನ್ನು ಬಡವರಿಗೆ ಹಂಚುತ್ತಿದ್ದರು.

ನಾಡು ಒಂದಾಗಲಿ ಅಂತ ಮೆರವಣಿಗೆಗೆ ಹೋದ ಅಪ್ಪ ಜೈಲು ಸೇರಿದ. ಮನೆಯಲ್ಲಿ ಹಿಟ್ಟು ಮುಗಿಯಿತು. ಅವ್ವ ಬಲು ಬಿಂಕದವಳು, ತವರನ್ನೂ ಕೇಳಲಿಲ್ಲ. ಒಂದು ಮಧ್ಯಾಹ್ನ ನನ್ನನ್ನೂ ಎಳೆದುಕೊಂಡು ಹೋಗಿ ಆ ಗಡಿಗೆಗೆ ಕೈ ಹಾಕಿದಳು. ಒಳಗೆ ರೂತವ್ವ ಕತ್ತೆತ್ತಿ ನೋಡಿದ್ದನ್ನು ನಾನು ಕಂಡೆ. ಬಗ್ಗಿದ್ದ ಅವ್ವ ಕಾಣಲಿಲ್ಲ. ಮಗ್ಗ ಮತ್ತೆ ಬಡಿಯತೊಡಗಿತು, ಮೊದಲಿಗಿಂತ ಜೋರಾಗಿ. ಹೀಗೇ ನಾಲ್ಕಾರು ಸಲ ನಡೆಯಿತು.

ತಿಂಗಳ ಕೊನೆಗೆ ಗಡಿಗೆ ಅರ್ಧ ಖಾಲಿ.

"ಯಾರ್ ತಗೊಂಡಾರ, ಹೇಳವಾ" ಅಂದರು ಯಾಕೋಬಪ್ಪ.

"ಗಡಿಗಿ ನನ್ನ ಕೈಯಾಗ ಕೊಟ್ಟಿದ್ರಿ. ತಪ್ಪು ನಂದರಿ."

ಅವಳನ್ನು ಚರ್ಚಿನ ಪ್ರಭು ಭೋಜನದಿಂದ ಹೊರಗಿಟ್ಟರು. ಎಲ್ಲರೂ ರೊಟ್ಟಿ, ದ್ರಾಕ್ಷಾರಸಕ್ಕೆ ಎದ್ದು ಹೋಗುವಾಗ ಅವಳೊಬ್ಬಳೇ ಹಿಂದಿನ ಬೆಂಚಿನಲ್ಲಿ ಕೂತಿರಬೇಕು. ನಂಬಿದವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವುದು?

ಸುದ್ದಿ ಅವ್ವನ ಕಿವಿಗೂ ಬಿತ್ತು. ಬಿಂಕ ಬಿಟ್ಟು ತವರು ಹಿರೇಹಂದಿಗೋಳಕ್ಕೆ ಹೋಗಿ ಜೋಳ ತಂದಳು. ಯಾರೂ ಇಲ್ಲದಾಗ ಗಡಿಗೆಯ ಬಾಯಿತನಕ ಸುರಿದಳು. ಅಲ್ಲೇ ಎಡವಿದ್ದು! ಓಣಿಯ ಜೋಳ ಹತ್ತು ಮನೆಯದು, ಕೆಂಪು ಬಿಳಿ ಬೆರಕೆ. ಇದು ಅವ್ವನ ತವರಿನ ಎರೆಹೊಲದ ಅಚ್ಚ ಬಿಳಿಜೋಳ.

ಯಾಕೋಬಪ್ಪ ಒಂದು ಹಿಡಿ ಎತ್ತಿ ನೋಡಿದರು. ನಮ್ಮ ಬಾಗಿಲ ಕಡೆಗೂ ನೋಡಿದರು. "ಇದು ಯಾರ ಜೋಳ, ರೂತವ್ವಾ?"

"ಗಡಿಗ್ಯಾಗ ಬಿದ್ದ ಮ್ಯಾಲೆ ದೇವರದ್ರಿ. ಯಾರದಂತ ಕೇಳಬ್ಯಾಡ್ರಿ."

ಅವ್ವ ತಡೆಯಲಾರದೆ ಹೊರಗೆ ಬಂದಳು. "ನಾನ ಕದ್ದೀನ್ರಿ. ಅಕಿದೇನೂ ತಪ್ಪಿಲ್ರಿ."

ಯಾಕೋಬಪ್ಪ ಹಿಡಿಯಲ್ಲಿದ್ದ ಜೋಳವನ್ನು ಮತ್ತೆ ಗಡಿಗೆಗೆ ಸುರಿದರು. "ಹಸದವರಿಗಂತನ ಇಟ್ಟಿದ್ದವಾ ಇದು. ಬಾಜೂಮನಿ ಹಸಿವು ನಮಗ ಕಾಣಲಿಲ್ಲ, ತಪ್ಪು ನಮ್ದು" ಅಂದರು. ಮುಂದಿನ ಪ್ರಭು ಭೋಜನದ ದಿನ ರೂತವ್ವನನ್ನು ಅವರೇ ಮುಂದಿನ ಬೆಂಚಿಗೆ ಕರೆದು ಕೂರಿಸಿದರಂತೆ.

ನೀಲವ್ವನ ಮನೆ ನಮ್ಮಿಂದ ಎರಡೇ ಓಣಿ ಆಚೆ. ಹತ್ತು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ, ಮೊನ್ನೆ ಅವಳನ್ನು ವಾಪಸ್ಸು ಕರೆಯಲು ಹೋದೆ. ದಾರಿಯುದ್ದಕ್ಕೂ ನನಗೆ ನಾಚಿಕೆ.

ಕದ್ದ ಜೋಳದ ರೊಟ್ಟಿ ತಿಂದು ಬೆಳೆದ ಈ ನಾಲಿಗೆಗೆ "ನಾಳಿಂದ ಬರಬ್ಯಾಡ" ಅನ್ನುವ ಧೈರ್ಯ ಎಲ್ಲಿಂದ ಬಂತು?