ಮನೆಯವರಿಗೆ ಅನ್ವಯಿಸುವುದಿಲ್ಲ

ಆ ಮನೆಯಲ್ಲಿ ಅವಳನ್ನು ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಅಡುಗೆಗೆಂದು ಸೇರಿದ ಮೊದಲ ವಾರವೇ ಯಜಮಾನಿ ತನ್ನ ಮಗಳನ್ನು ಕರೆದು, "ಅಡುಗೆಯವಳು ಅನ್ಬಾರದು, ಚಿಕ್ಕಮ್ಮ ಅನ್ಬೇಕು. ಇವರೂ ನಮ್ಮನೆಯವರೇ" ಎಂದು ಬುದ್ಧಿ ಹೇಳಿದ್ದಳು. ಮಗಳು ದೊಡ್ಡವಳಾಗಿ, ಮದುವೆಯಾಗಿ ಹೋದಳು. ಹೆಸರು ಮಾತ್ರ ಉಳಿಯಿತು. ಹಾಲಿನವನೂ, ಪಕ್ಕದ ಮನೆಯವರೂ ಚಿಕ್ಕಮ್ಮ ಎಂದೇ ಕೂಗಿದರು. ಸಂಬಳ ಏರಿಸುವ ಮಾತು ಬಂದಾಗಲೆಲ್ಲ ಯಜಮಾನಿ ನಗುತ್ತಾ, "ಮನೆಯವರ ಹತ್ರ ಲೆಕ್ಕಾಚಾರ ಏನು ಚಿಕ್ಕಮ್ಮಾ?" ಎನ್ನುತ್ತಿದ್ದಳು. ಅಷ್ಟಕ್ಕೆ ಮಾತು ಮುಗಿಯುತ್ತಿತ್ತು.

ಮಗಳು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ ಎಂದು ಒಂದು ನಾಯಿಮರಿ ತಂದರು. ಕಂದು ಬಣ್ಣದ, ಒಳ್ಳೆಯ ಜಾತಿಯ ಮರಿ. ಅದರ ಕಾಗದದಲ್ಲಿ ನಾಲಿಗೆ ಹೊರಳದಂಥ ಉದ್ದನೆಯ ಹೆಸರಿತ್ತು. ಒಲೆಯ ಪಕ್ಕ ಮುದುಡಿ ಮಲಗಿದ್ದನ್ನು ನೋಡಿ ಚಿಕ್ಕಮ್ಮ ಅದನ್ನು ಉಂಡೆ ಎಂದಳು, ಮನೆಯವರೂ ಉಂಡೆ ಎಂದರು. ರಾತ್ರಿ ಕುಂಯ್ಗುಟ್ಟಿದರೆ ಎತ್ತಿಕೊಂಡವಳು ಅವಳು, ಕಂಡಕಂಡಲ್ಲಿ ಮಾಡಿದ್ದನ್ನು ಬಳಿದವಳು ಅವಳು, ಮಾಂಸ ಅಕ್ಕಿ ಬೇಯಿಸಿ ಆರಿಸಿ ಹಾಕಿದವಳೂ ಅವಳೇ. ದೊಡ್ಡದಾದ ಮೇಲೆ ಅದು ಅಡುಗೆಮನೆಯ ಹೊಸಿಲಿಗೆ ಅಡ್ಡ ಮಲಗುತ್ತಿತ್ತು. ಯಜಮಾನ ಹತ್ತು ಸಲ ಕೂಗಿದರೂ ಏಳದ್ದು, ಅವಳು ಮೆಲ್ಲಗೆ "ಹೋಗೋ" ಎಂದರೆ ಕಿವಿ ಮಡಿಚಿಕೊಂಡು ಹೋಗಿ ಮೂಲೆ ಸೇರುತ್ತಿತ್ತು.

ಚಿಕ್ಕಮ್ಮ ಇದ್ದದ್ದು ತಮ್ಮನ ಮನೆಯಲ್ಲಿ. ತಮ್ಮನೂ ಅವನ ಹೆಂಡತಿಯೂ ಬಟ್ಟೆ ಇಸ್ತ್ರಿ ಮಾಡುವ ಅಂಗಡಿ ಇಟ್ಟಿದ್ದರು. ಅಂಗಡಿಯ ಹಿಂದಿನ ಕೋಣೆಯೇ ಮನೆ. ಪಕ್ಕದ ಬಂಗಲೆಯ ಅಡುಗೆಯವಳಿಗೆ ಅವಳ ಯಜಮಾನರು ಆರೋಗ್ಯ ವಿಮೆ ಮಾಡಿಸಿಕೊಟ್ಟರು ಎಂಬ ಸುದ್ದಿ ಬಂದದ್ದೇ, ತಮ್ಮನ ಹೆಂಡತಿ ಬೆನ್ನು ಹತ್ತಿದಳು. "ಕೇಳಿ ಅತ್ತಿಗೆ. ಬಾಯಿ ಬಿಟ್ರೆ ಹಲ್ಲೇನೂ ಉದುರಲ್ಲ."

ಮರುದಿನ ಚಿಕ್ಕಮ್ಮ ಊಟದ ಮೇಜು ಒರೆಸುತ್ತಾ ಯಜಮಾನಿಯನ್ನು ಕೇಳಿದಳು. ಆ ವಾರವಷ್ಟೇ, ಮನೆಯವರು ಉಂಡೆಗೆ ಮಾಡಿಸಿದ್ದ ಆರೋಗ್ಯ ವಿಮೆಯ ಕಾಗದ ಬಂದಿತ್ತು. ಯಜಮಾನಿ ಬೇಜಾರು ಮಾಡಿಕೊಳ್ಳಲಿಲ್ಲ. ಕನ್ನಡಕ ಹಾಕಿಕೊಂಡು, ಫೋನು ಹಿಡಿದು, ಕೂತೇಬಿಟ್ಟಳು.

"ವಯಸ್ಸು ಐವತ್ತು ದಾಟ್ತಾ? ದಾಟಿದೆ. ಸಕ್ಕರೆ ಕಾಯಿಲೆ ಇದೆಯಾ? ಇದೆ ಅಲ್ವಾ, ಹೇಳ್ಲೇಬೇಕು. ಹಿಂದೆ ಆಪರೇಷನ್ ಏನಾದ್ರೂ?"

ಒಂದೊಂದು ಉತ್ತರಕ್ಕೂ ಫೋನಿನಲ್ಲಿ ಮೊತ್ತ ಏರುತ್ತಾ ಹೋಯಿತು. ಯಜಮಾನಿ ಅದನ್ನು ಗಂಡನಿಗೆ ತೋರಿಸಿದಳು. "ನೋಡ್ರೀ, ಉಂಡೆಯದ್ದರ ನಾಲ್ಕು ಪಟ್ಟು!"

"ಹಾಗಾದ್ರೆ ಒಬ್ಬ ಚಿಕ್ಕಮ್ಮನ ದುಡ್ಡಲ್ಲಿ ನಾಲ್ಕು ನಾಯಿ ಬರತ್ತೆ" ಎಂದ ಯಜಮಾನ. ಇಬ್ಬರೂ ನಕ್ಕರು. ತಾನೊಬ್ಬಳು ನಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ಚಿಕ್ಕಮ್ಮನೂ ನಕ್ಕಳು.

"ತಪ್ಪು ತಿಳ್ಕೋಬೇಡಿ ಚಿಕ್ಕಮ್ಮ" ಎಂದಳು ಯಜಮಾನಿ, ಮಗುವಿಗೆ ಪಾಠ ಹೇಳುವವಳಂತೆ. "ನಾಯಿ ಅಂದ್ರೆ ಹತ್ತು ಹನ್ನೆರಡು ವರ್ಷ. ಖರ್ಚಿಗೊಂದು ಕೊನೆ ಅಂತ ಇರತ್ತೆ. ಮನುಷ್ಯರದ್ದು ಹಾಗಲ್ಲ, ಎಳೀತಾನೇ ಇರತ್ತೆ. ಅದಕ್ಕೇ ದುಬಾರಿ."

ಸಂಜೆ ಅಂಗಡಿಯಲ್ಲಿ ಚಿಕ್ಕಮ್ಮನಿಂದ ಈ ಮಾತನ್ನು ಕೇಳಿದ ತಮ್ಮನ ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿ ಇಟ್ಟಳು. "ನಾಯಿಪಾಡು ಅಂತ ಬೈಕೋತೀವಲ್ಲ ಅತ್ತಿಗೆ, ಇನ್ಮೇಲೆ ಅದನ್ನ ಹಾರೈಕೆ ಅಂತ ಹೇಳ್ಬೇಕು."

ಮಾರನೆಯ ವರ್ಷ ಉಂಡೆಗೆ ಕಿವಿ ಸೋರಿತು. ದಿನಾ ಕಿವಿಗೆ ಔಷಧ ಬಿಡುವ ಕೆಲಸವೂ ಚಿಕ್ಕಮ್ಮನ ಪಾಲಿಗೇ ಬಂತು. ಅವಳ ತೊಡೆಯ ಮೇಲೆ ತಲೆಯಿಟ್ಟು ಅದು ಸುಮ್ಮನೆ ಹಾಕಿಸಿಕೊಳ್ಳುತ್ತಿತ್ತು. ಒಂದು ಬೆಳಗ್ಗೆ ಯಜಮಾನಿಗೆ ಕಿವಿಯೊಳಗೆ ನೋಡಬೇಕೆನಿಸಿತು. "ಹಿಡ್ಕೊಳ್ಳಿ ಚಿಕ್ಕಮ್ಮ" ಎಂದವಳೇ, ಹುಣ್ಣಾದ ಕಿವಿಯನ್ನು ಹಿಡಿದು ಎಳೆದಳು. ನೋವಿಗೆ ನಾಯಿ ಮೈತಿರುಚಿ ಬಾಯಿ ಹಾಕಿತು. ಬಾಯಿಗೆ ಸಿಕ್ಕಿದ್ದು ಕೊರಳು ಬಳಸಿದ್ದ ಚಿಕ್ಕಮ್ಮನ ಬಲಗೈ. ಮಣಿಕಟ್ಟಿನ ಒಳಭಾಗಕ್ಕೆ ಕೋರೆ ಇಳಿಯಿತು. ಕೊಸರಿಕೊಳ್ಳುವಾಗ ಇನ್ನೊಂದು ಕೋರೆ ಅದೇ ಕೈಗೆ ಕಟ್ಟಿದ್ದ ಗಡಿಯಾರದ ಸ್ಟೀಲ್ ಪಟ್ಟಿಗೆ ಸಿಕ್ಕಿ ಟಕ್ಕೆಂದು ಮುರಿಯಿತು.

"ಅಯ್ಯೋ, ಹಲ್ಲು!" ಎಂದು ಯಜಮಾನಿ ಕಿರುಚಿದಳು.

ಉಂಡೆಯನ್ನು ಕಾರಿನಲ್ಲಿ ನಾಯಿಗಳ ಆಸ್ಪತ್ರೆಗೆ ಕರೆದೊಯ್ದರು. ಹಲ್ಲಿನ ಬೇರು ತೆಗೆದು, ಹೊಲಿದು, ಎರಡು ದಿನ ಅಲ್ಲೇ ಇಟ್ಟುಕೊಂಡು ಕಳಿಸಿದರು. ವಿಮೆ ಕಂಪನಿ ಒಂದು ಮಾತೂ ಕೇಳದೆ ಹಣ ಕಟ್ಟಿತು. ಚಿಕ್ಕಮ್ಮ ಟವೆಲ್ ಸುತ್ತಿಕೊಂಡು ಬಸ್ಸಿನಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದಳು. ಅಲ್ಲಿ ತೊಳೆದರು, ಚುಚ್ಚುಮದ್ದು ಕೊಟ್ಟರು. ಕೈಯನ್ನು ತಿರುಗಿಸಿ ನೋಡಿದ ವೈದ್ಯೆ, "ಬೆರಳು ಮಡಿಸೋ ಹುರಿಗಳು ತುಂಡಾಗಿವೆಯಮ್ಮ. ಎರಡು ವಾರದೊಳಗೆ ಜೋಡಿಸಿದ್ರೆ ಕೈ ನಿಮ್ಮದು, ತಡವಾದ್ರೆ ಕಷ್ಟ. ಇಲ್ಲಿ ಸರದಿ ಬರೋಕೆ ತಿಂಗಳುಗಟ್ಟಲೆ ಆಗತ್ತೆ, ಹೊರಗೆ ಮಾಡಿಸ್ಕೊಳ್ಳಿ" ಎಂದಳು.

ಖಾಸಗಿ ಆಸ್ಪತ್ರೆಯವರು ಹೇಳಿದ ಮೊತ್ತ ತಮ್ಮನ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಚಿಕ್ಕಮ್ಮ ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿಕೊಂಡು ಯಜಮಾನಿಯ ಮುಂದೆ ನಿಂತಳು. "ಅಮ್ಮಾ, ನೀವು ಕೊಟ್ರೆ ಸಂಬಳದಲ್ಲಿ ಹಿಡ್ಕೊಳ್ಳಿ."

"ವಿಮೆ ಇರುವಾಗ ಕೈಯಿಂದ ಯಾಕೆ ಹಾಕ್ಬೇಕು?" ಎಂದ ಯಜಮಾನ ಒಳಗಿನಿಂದ ಬಂದು. ಉಂಡೆ ಯಾರಿಗಾದರೂ ಕಚ್ಚಿದರೆ ಅವರ ಆಸ್ಪತ್ರೆ ಖರ್ಚೂ ಉಂಡೆಯ ವಿಮೆಯಲ್ಲೇ ಸೇರಿತ್ತಂತೆ. ಚಿಕ್ಕಮ್ಮನ ಜೀವ ಒಂದು ಗಳಿಗೆ ಹಗುರವಾಯಿತು. ಯಜಮಾನ ಕಾಗದ ತಂದು ಬೆರಳಿಟ್ಟು ಓದಿದ: ಈ ಪರಿಹಾರ ಹೊರಗಿನವರಿಗೆ ಮಾತ್ರ, ಮನೆಯವರಿಗೂ ಮನೆಯಲ್ಲಿ ಕೆಲಸ ಮಾಡುವವರಿಗೂ ಅನ್ವಯಿಸುವುದಿಲ್ಲ.

"ಅದಕ್ಕೇನಂತೆ," ಎಂದು ಅವನೇ ದಾರಿ ತೋರಿಸಿದ, "ಚಿಕ್ಕಮ್ಮ ಹೊರಗಿನವರಾದ್ರೆ ಆಯ್ತು. ಗೇಟಿನ ಮುಂದೆ ಹೋಗ್ತಿದ್ರು, ನಾಯಿ ಹಾರಿ ಕಚ್ತು. ನಮ್ಮನ್ನ ನೀವು ನೋಡೇ ಇಲ್ಲ, ನಿಮ್ಮನ್ನ ನಾವು ನೋಡೇ ಇಲ್ಲ."

ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಆದರೂ ಬೆರಳು ನೋಡಿಕೊಂಡು ಹೂಂ ಎಂದಳು.

ವಿಮೆ ಕಂಪನಿಯಿಂದ ತನಿಖೆಗೆ ಬಂದವನು ನಡುವಯಸ್ಸಿನ, ಮೆದು ದನಿಯ ಮನುಷ್ಯ. ಅವನೆದುರು ಚಿಕ್ಕಮ್ಮ ಕಾಲಿಂಗ್ ಬೆಲ್ ಒತ್ತಿ ಒಳಗೆ ಬರಬೇಕಾಯಿತು. ಎಷ್ಟೋ ವರ್ಷ ಧೂಳು ಕೊಡವಿದ್ದ ಸೋಫಾದ ಮೇಲೆ ಅವತ್ತು ಮೊದಲ ಸಲ ಕೂತಳು. ಅದು ಅಷ್ಟು ಆಳಕ್ಕೆ ಕುಸಿಯುತ್ತದೆಂದು ಗೊತ್ತಿರದೆ ಗಾಬರಿಯಾದಳು. ಹೇಳಿಕೊಟ್ಟದ್ದನ್ನು ಒಪ್ಪಿಸಿದಳು. ಯಜಮಾನಿ "ಪಾಪ, ಯಾರೋ ಏನೋ" ಎಂದು ಲೊಚಗುಟ್ಟಿದಳು. ಅಷ್ಟರಲ್ಲಿ ಕೋಣೆಯಲ್ಲಿ ಕೂಡಿಹಾಕಿದ್ದ ಉಂಡೆ ಬಾಗಿಲು ಪರಚತೊಡಗಿತು.

"ಕಚ್ಚಿದವರನ್ನೂ ನೋಡ್ಬೇಕಲ್ಲ ನಾನು, ಬಿಡಿ ಹೊರಗೆ" ಎಂದ ತನಿಖೆಯವನು.

ಬಾಗಿಲು ತೆಗೆದದ್ದೇ ತಡ, ಉಂಡೆ ಯಾರನ್ನೂ ನೋಡದೆ ನೇರ ಅವಳ ಮೇಲೆ ಬಂದು ಬಿತ್ತು. ವಾರದಿಂದ ಕಾಣದವಳನ್ನು ಕಂಡು ಅಳುವ ಹಾಗೆ ಕೂಗಿತು, ಬ್ಯಾಂಡೇಜು ನೆಕ್ಕಿತು, ಪಾದದ ಮೇಲೆ ಹೊರಳಿ ಹೊಟ್ಟೆ ತೋರಿಸಿತು. ಚಿಕ್ಕಮ್ಮ ಕಲ್ಲಿನಂತೆ ಕೂತಳು, ಕೆಳಗೆ ನೋಡಲಿಲ್ಲ. "ಉಂಡೆ, ಇಲ್ಲಿ ಬಾ!" ಎಂದು ಯಜಮಾನ ಗದರಿದ, ಅದು ಕಿವಿಗೇ ಹಾಕಿಕೊಳ್ಳಲಿಲ್ಲ. ಅವಳ ಮೊಣಕಾಲಿಗೆ ಮೂತಿ ತಿವಿದು ತಿವಿದು, ಯಾಕೆ ಮಾತಾಡುತ್ತಿಲ್ಲವೆಂದು ಕುಂಯ್ಗುಟ್ಟಿತು. ತನಿಖೆಯವನು ಸುಮ್ಮನೆ ನೋಡುತ್ತಿದ್ದ. ಆ ಕುಂಯ್ಗುಟ್ಟುವಿಕೆಯನ್ನು ತಾಳಲಾರದೆ ಅವಳ ಬಾಯಿಂದ ತಾನಾಗಿಯೇ ಬಂತು: "ಹೋಗೋ."

ಉಂಡೆ ಕಿವಿ ಮಡಿಚಿಕೊಂಡು ಹೋಗಿ ಮೂಲೆಯಲ್ಲಿ ಮಲಗಿತು.

ತನಿಖೆಯವನು ಪೆನ್ನು ಜೇಬಿಗೆ ಸಿಕ್ಕಿಸಿದ. "ದಾರಿಹೋಕರ ಮಾತನ್ನ ಇಷ್ಟು ಚೆನ್ನಾಗಿ ಕೇಳೋ ನಾಯೀನ ನಾನು ನೋಡಿಲ್ಲ." ಹೊರಡುವಾಗ ಅವಳ ಹತ್ತಿರ ನಿಂತು ದನಿ ತಗ್ಗಿಸಿದ. "ನಿಮ್ಮ ಕೈ ನೋಡಿದ್ರೆ ಬೇಜಾರಾಗತ್ತಮ್ಮ. ಬೇಜಾರಿಗೆ ನಮ್ಮ ಕಂಪನೀಲಿ ಕಲಂ ಇಲ್ಲ."

ಗೇಟು ಹಾಕಿದ ಸದ್ದಾಯಿತು. ಯಜಮಾನಿ ತಿರುಗಿದಳು. "ಎರಡು ನಿಮಿಷ ಬಾಯಿ ಮುಚ್ಕೊಂಡು ಕೂರೋಕಾಗಲಿಲ್ವಾ ನಿಂಗೆ?" ಅಷ್ಟು ವರ್ಷದಲ್ಲಿ ಅವಳ ಬಾಯಲ್ಲಿ ಚಿಕ್ಕಮ್ಮ ಎಂದೂ 'ನೀನು' ಆಗಿರಲಿಲ್ಲ. "ನಮ್ಮನ್ನ ಸುಳ್ಳುಗಾರರು ಮಾಡ್ಬಿಟ್ಟೆ. ಉಂಡೆ ವಿಮೇನೂ ನಿಲ್ಲಿಸಿದ್ರೆ ಏನು ಗತಿ?"

ಉಂಡೆಯ ವಿಮೆ ನಿಲ್ಲಲಿಲ್ಲ. ಕಂಪನಿ ಒಂದು ಎಚ್ಚರಿಕೆ ಕೊಟ್ಟು, ಕಂತು ಒಂದಿಷ್ಟು ಏರಿಸಿ ಬಿಟ್ಟುಬಿಟ್ಟಿತು. ಆಪರೇಷನ್ನಿಗೆ ಹಣ ಎಲ್ಲಿಂದಲೂ ಬಾರದೆ ಎರಡು ವಾರ ಕಳೆಯಿತು. ಗಾಯ ಒಣಗಿತು, ಬೆರಳುಗಳು ಚಾಚಿದವು ಚಾಚಿದಂತೆಯೇ ಉಳಿದವು. ಚಾಕು ಹಿಡಿಯಲಾರದವಳನ್ನು ಅಡುಗೆಗೆ ಇಟ್ಟುಕೊಳ್ಳುವುದು ಹೇಗೆಂದು ಯಜಮಾನಿಯೇ ಅವಳನ್ನು ಕೇಳಿದಳು. ಚಿಕ್ಕಮ್ಮ ಕೆಲಸ ಬಿಟ್ಟಳು. ಆ ತಿಂಗಳ ಸಂಬಳದಲ್ಲಿ ಕೆಲಸ ಮಾಡಿದ ದಿನಗಳದ್ದಷ್ಟೇ ಕೈಸೇರಿತು.

ಅವಳು ಅಂಗಡಿಯಲ್ಲಿ ಎಡಗೈಯಿಂದ ಬಟ್ಟೆ ಮಡಿಸತೊಡಗಿದಳು. ಅಂಗಿಯ ತೋಳು ಸೊಟ್ಟಗಾದರೆ ತಮ್ಮನ ಹೆಂಡತಿ ಬೈಯದೆ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು. ಅವಳು ಬೈದಿದ್ದರೇ ಚೆನ್ನಾಗಿತ್ತು ಎಂದು ಚಿಕ್ಕಮ್ಮನಿಗೆ ಅನ್ನಿಸುತ್ತಿತ್ತು.

ಕೆಲವು ತಿಂಗಳ ಮೇಲೆ ಅಂಗಡಿಯ ಮುಂದೆ ಕಾರು ನಿಂತಿತು. ಯಜಮಾನಿ ಇಳಿದು ಬಂದಳು, ಮುಖ ಬಾಡಿತ್ತು. "ಉಂಡೆ ಏನೂ ತಿಂತಿಲ್ಲ ಚಿಕ್ಕಮ್ಮ. ಮೂಳೆ ಚಕ್ಕಳ ಆಗಿದೆ. ಅಭ್ಯಾಸ ಇರೋರು ಬಂದು ಊಟ ಮಾಡಿಸ್ಬೇಕು ಅಂತ ಡಾಕ್ಟ್ರು ಬರೆದುಕೊಟ್ಟಿದ್ದಾರೆ. ಅದನ್ನೂ ಚಿಕಿತ್ಸೆ ಅಂತಲೇ ಲೆಕ್ಕ ಹಿಡೀತಾರಂತೆ, ದಿನದ ಲೆಕ್ಕದಲ್ಲಿ ನಿಂಗೆ ಕೊಡಬಹುದು. ನಮ್ಮ ಕೈಯಿಂದ ಒಂದು ಕಾಸೂ ಹೋಗಲ್ಲ, ವಿಮೆಯವರೇ ಕೊಡ್ತಾರೆ."

ತಮ್ಮನ ಹೆಂಡತಿ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ಹೊರಗೆ ಬಂದಳು. "ಕೈ ಹೋದಾಗ ಹೊರಗಿನವಳೂ ಆಗ್ಲಿಲ್ಲ, ಮನೆಯವಳೂ ಆಗ್ಲಿಲ್ಲ. ಈಗ ನಾಯಿಗೆ ಔಷಧಿ ಆಗ್ಬೇಕಾ? ಅತ್ತಿಗೆ ಎಲ್ಲಿಗೂ ಬರಲ್ಲ."

ಚಿಕ್ಕಮ್ಮ ಆಗಲೇ ಚಪ್ಪಲಿ ಮೆಟ್ಟಿದ್ದಳು. ದಿನಕ್ಕೆ ಎಷ್ಟು ಎಂದು ಕೇಳಲೂ ಇಲ್ಲ. ನಾಯಿಯನ್ನು ನೋಡುವ ಆಸೆಗೆ ಹೊರಟಿದ್ದೇನೆಂದು ತಮ್ಮನ ಹೆಂಡತಿಗೆ ಹೇಳಲು ಅವಳಿಗೆ ನಾಚಿಕೆಯಾಯಿತು. "ದುಡ್ಡು ಬೇಕಲ್ಲ" ಎಂದಷ್ಟೇ ಹೇಳಿ ಕಾರು ಹತ್ತಿದಳು.

ಅಡುಗೆಮನೆಯಲ್ಲಿ ಹೊಸ ಅಡುಗೆಯವಳು ಪಕ್ಕಕ್ಕೆ ಸರಿದು ನಿಂತಳು. ಉಂಡೆಗೆ ಎದ್ದು ಬರುವ ಶಕ್ತಿಯಿರಲಿಲ್ಲ. ಮಲಗಿದಲ್ಲೇ ಬಾಲ ನೆಲಕ್ಕೆ ಬಡಿಯಿತು. ಚಿಕ್ಕಮ್ಮ ನೆಲದ ಮೇಲೆ ಕೂತು, ಅದರ ತಲೆಯನ್ನು ತೊಡೆಗೆ ಎಳೆದುಕೊಂಡು, ಎಡಗೈಯಲ್ಲಿ ಒಂದೊಂದೇ ತುತ್ತು ಬಾಯಿಗಿಟ್ಟಳು. ಅದು ತಿಂದಿತು.

"ಒಂದ್ನಿಮಿಷ, ಕಂಪನಿಗೆ ಫೋಟೋ ಕಳಿಸ್ಬೇಕು" ಎಂದು ಯಜಮಾನಿ ಫೋನು ಎತ್ತಿದಳು. ನೋಡಿ, ತುಸು ಕೆಳಗಿಳಿಸಿದಳು. "ಆ ಬಲಗೈಯನ್ನ ಬೆನ್ನ ಹಿಂದೆ ಇಟ್ಕೋ. ಅವರ ಕಣ್ಣಿಗೆ ಬಿದ್ರೆ ಮತ್ತೆ ಹಳೇದೆಲ್ಲ ಕೆದಕ್ತಾರೆ."

ಚಿಕ್ಕಮ್ಮ ಕೈಯನ್ನು ಹಿಂದಕ್ಕೆ ಸರಿಸಿ, ಫೋಟೋ ಆಗುವವರೆಗೆ ಅಲುಗದೆ ಕೂತಳು.