ಮೊದಲು ಎದ್ದವಳು

ಗುಂಡಿಯಕ್ಕ ಬಟ್ಟೆ ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ಅಂಗಿಗಳಿಗೆ ಗುಂಡಿ ಹೊಲಿದವಳು. ಹೆಸರು ಹಾಗೇ ಅಂಟಿಕೊಂಡಿತ್ತು. ಈಗ ಕಣ್ಣು ಮಂಜಾಗಿ ಮನೆ ಹಿಡಿದಿದ್ದಳು. ಒಂದು ಬೆಳಿಗ್ಗೆ ಮಹಿಳಾ ಸಂಘದ ಕಾರ್ಯದರ್ಶಿ ಬಂದು, "ಅಕ್ಕಾ, ಸಂಘದ ಗೋಡೆಗೆ ನಿಮ್ಮ ಫೋಟೋ ಹಾಕ್ತಿದ್ದೀವಿ. ಅವತ್ತು ಕಾರ್ಖಾನೇಲಿ ಬೀಗ ತೆಗೆಸೋಕೆ ಮೊದಲು ಎದ್ದು ನಿಂತೋರು ನೀವೇ ಅಲ್ವಾ?" ಎಂದಾಗ ಅವಳಿಗೆ ತಲೆಬುಡ ತಿಳಿಯಲಿಲ್ಲ.

"ಗೋಡೆ ಹತ್ತೋಕೆ ನಾನಿನ್ನೂ ಬದುಕಿದ್ದೀನಲ್ಲಮ್ಮ!"

ಅವತ್ತು ನಡೆದದ್ದು ಅವಳಿಗೆ ಚೆನ್ನಾಗಿಯೇ ನೆನಪಿತ್ತು. ಮೇಲ್ವಿಚಾರಕ ಹೆಂಗಸರ ಶೌಚಾಲಯಕ್ಕೆ ಬೀಗ ಜಡಿದು ಕೀಲಿಯನ್ನು ಜೇಬಿಗಿಳಿಸಿದ್ದ. ಊಟದ ಹೊತ್ತಿಗಷ್ಟೇ ತೆಗೆಯುತ್ತಿದ್ದ. ಪಕ್ಕದಲ್ಲಿ ಬಸುರಿ ಹುಡುಗಿಯೊಬ್ಬಳು ತುಟಿ ಕಚ್ಚಿಕೊಂಡು ಹೊಲಿಯುತ್ತಿದ್ದಳು. ಇದ್ದಕ್ಕಿದ್ದಂತೆ ಗುಂಡಿಯಕ್ಕನ ಮಿಷನ್ ನಿಂತುಹೋಯಿತು. ಕರೆಂಟು ಹೋಯಿತೇನೋ ಎಂದು ಎದ್ದು ಕತ್ತೆತ್ತಿದಳು. ದೀಪ ಉರಿಯುತ್ತಲೇ ಇತ್ತು. ಅಷ್ಟರಲ್ಲಿ ಹಿಂದಿನ ಸಾಲು ಎದ್ದಿತು, ಅದರ ಹಿಂದಿನದೂ ಎದ್ದಿತು. ಮಿಷನ್ನುಗಳು ಒಂದೊಂದಾಗಿ ಸುಮ್ಮನಾದವು. ಮೇಲ್ವಿಚಾರಕ ಓಡಿಬಂದು ಅವಳನ್ನೇ ದುರುಗುಟ್ಟಿ, "ಏನ್ ಬೇಕು?" ಎಂದ. ಗುಂಡಿಯಕ್ಕ, "ಕೀಲಿ" ಎಂದಳು. ಯಾರೂ ಕೂರಲಿಲ್ಲ. ಸಂಜೆಯೊಳಗೆ ಬೀಗ ಹೋಯಿತು, ಮತ್ತೆ ಬರಲಿಲ್ಲ.

ಇದರಲ್ಲಿ ತನ್ನ ಹೆಚ್ಚುಗಾರಿಕೆ ಏನು? ಅವತ್ತು ಹಿಂದಿನ ಸಾಲಿನಲ್ಲಿದ್ದ ನಾದಿನಿಯೇ ತನ್ನ ಮಿಷನ್ನಿನ ಸ್ವಿಚ್ ಆರಿಸಿರಬೇಕೆಂದು ಅವಳ ಮನೆಗೇ ಹೋದಳು.

"ನಾನ್ಯಾಕೆ ಆರಿಸ್ಲಿ ಅತ್ತಿಗೆ? ನೀವು ಎದ್ರಿ, ನಾನೂ ಎದ್ದೆ. ನಿಮ್ಮೊಬ್ರನ್ನೇ ಬಿಟ್ಟು ಕೂತ್ಕೊಳ್ಳೋಕಾಗುತ್ತಾ?"

ಆಗ ಬಸುರಿಯಾಗಿದ್ದವಳು ಈಗ ಶಿಶುವಿಹಾರ ನಡೆಸುತ್ತಿದ್ದಳು. ಗುಂಡಿಯಕ್ಕ ಅಲ್ಲಿಗೂ ಹೋಗಿ ಕೇಳಿದಾಗ, ಮಗುವೊಂದನ್ನು ಕಂಕುಳಿಗೇರಿಸಿಕೊಂಡೇ ಯೋಚಿಸಿದಳು. "ನಿಮ್ಮ ಮಿಷನ್ನಿನ ಕರೆಂಟ್ ವೈರ್‌ಗೆ ನನ್ನ ಕಾಲು ತಗುಲಿತ್ತು ಅಕ್ಕಾ. ತಗುಲಿತ್ತೋ, ನಾನೇ ಎಳೆದೆನೋ... ಆಣೆ ಮಾಡಿ ಹೇಳೋಕಾಗಲ್ಲ."

ಗುಂಡಿಯಕ್ಕನ ಗೊಂದಲ ಇಮ್ಮಡಿಯಾಯಿತು. ಸಮಾರಂಭದ ದಿನ ಮೈಕಿನ ಮುಂದೆ ನಿಂತು ಇದ್ದದ್ದನ್ನು ಇದ್ದಹಾಗೇ ಹೇಳಿಬಿಟ್ಟಳು: "ಕರೆಂಟ್ ಹೋಯ್ತು ಅಂದ್ಕೊಂಡೆ, ಅದಕ್ಕೇ ಎದ್ದೆ." ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ಯಾಕೆ ತಟ್ಟಿದರೆಂದು ಅವಳಿಗೆ ಅರ್ಥವಾಗಲಿಲ್ಲ.

ಮುಂದಿನ ಸಾಲಿನಲ್ಲಿದ್ದ ಎಳೆ ವಯಸ್ಸಿನ ಹೊಲಿಗೆಯವಳು ಎದ್ದು ಕೇಳಿದಳು: "ದೀಪ ಉರೀತಿದೆ ಅಂತ ಗೊತ್ತಾದ್ಮೇಲೆ ಕೂರಬಹುದಿತ್ತಲ್ಲಾ, ಯಾಕೆ ಕೂರ್ಲಿಲ್ಲ?"

ಗುಂಡಿಯಕ್ಕ ಮತ್ತೆ ಮೈಕಿನತ್ತ ಬಾಗಿದಳು. ಇಷ್ಟು ವರ್ಷ ಇದನ್ನು ತನಗೆ ತಾನೇ ಕೇಳಿಕೊಂಡಿರಲಿಲ್ಲ. ಕಡೆಗೆ, "ಅದೇ ತಿಳೀತಿಲ್ಲ ಮಗಳೇ," ಎಂದು ಕೆಳಗಿಳಿದಳು.

ಅವಳ ಹಟಕ್ಕೆ ಫೋಟೋದಲ್ಲಿ ನಾದಿನಿ, ಶಿಶುವಿಹಾರದವಳು ಸೇರಿ ಮೂವರನ್ನೂ ನಿಲ್ಲಿಸಿದರು. ಅಡಿಯಲ್ಲಿ ಮೊದಲು ಎದ್ದವರು ಯಾರೆಂದು ಬರೆಸಲಿ ಎಂದು ಕಾರ್ಯದರ್ಶಿ ಕೇಳಿದರೆ, ಮೂವರೂ ಒಬ್ಬರನ್ನೊಬ್ಬರು ಬೊಟ್ಟು ಮಾಡಿ ತೋರಿಸಿದರು.