ರಾಗಿ ಡಬ್ಬದಲ್ಲಿದ್ದ ಮೂರನೇ ಪ್ರತಿ

ಹೆಬ್ಬಗೋಡಿಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದವರು ಮದುವೆ ವೀಡಿಯೊಗಳನ್ನು ಎಡಿಟ್ ಮಾಡುತ್ತಿದ್ದರು. ಮಾತಾಡುವಾಗ ಎರಡು ಬೆರಳನ್ನು ಕತ್ತರಿಯಂತೆ ಆಡಿಸುತ್ತಿದ್ದರು. "ಏನಿದ್ರೂ ಮೂರು ಕಡೆ ಇರ್ಬೇಕು ಅಕ್ಕ" ಎನ್ನುವುದು ಅವರ ಮಾತು. ಕೆಲಸದ ಒಂದು ಪ್ರತಿ ಅವರ ಕಂಪ್ಯೂಟರಿನಲ್ಲಿ, ಇನ್ನೊಂದು ಬೀರುವಿನ ಹಾರ್ಡ್ ಡಿಸ್ಕಿನಲ್ಲಿ, ಮೂರನೆಯದು ನಮ್ಮ ಅಡುಗೆಮನೆಯ ಖಾಲಿ ರಾಗಿ ಡಬ್ಬದಲ್ಲಿ. ಪ್ರತಿ ಸೋಮವಾರ ನಮ್ಮಲ್ಲಿದ್ದ ಡಿಸ್ಕನ್ನು ಒಯ್ದು, ಹೊಸ ಕೆಲಸ ತುಂಬಿ, ಸಂಜೆಗೆ ತಂದಿಡುತ್ತಿದ್ದರು.

ಒಂದು ಬುಧವಾರ ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ದುಡಿಯುವ ಮದುಮಗಳು ತನ್ನ ವೀಡಿಯೊ ಕೇಳಿಕೊಂಡು ಬಂದಳು. ಹಾಸಿಗೆ ಹಿಡಿದ ಅಜ್ಜಿಗೆ ತೋರಿಸಲು ಶನಿವಾರ ಸಿಂಧನೂರಿಗೆ ಹೊರಡುವವಳಿದ್ದಳು. ಕಂಪ್ಯೂಟರಿನಲ್ಲಿ ಎಡಿಟಿಂಗ್ ಫೈಲು ತೆರೆಯಲಿಲ್ಲ. ಬೀರುವಿನದೂ ತೆರೆಯಲಿಲ್ಲ. ಸೋಮವಾರ ಕೆಟ್ಟ ಫೈಲನ್ನೇ, ತೆರೆದು ನೋಡದೆ, ಅಲ್ಲಿದ್ದ ಒಳ್ಳೆಯದರ ಮೇಲೆ ಕಾಪಿ ಮಾಡಿದ್ದರು.

ಕೆಳಗಿಳಿದು ನಮ್ಮ ಬಾಗಿಲಲ್ಲಿ ನಿಂತರು. "ಅಕ್ಕ, ಈ ಸೋಮವಾರ ನಾನು ಡಿಸ್ಕ್ ತಗೊಂಡೋದ್ನಾ?"

"ಎಲ್ಲಿ ತಗೊಂಡ್ರಿ? ನಾವು ತುಮಕೂರಿಗೆ ಹೋಗಿದ್ವಲ್ಲ, ಬೀಗ ನೋಡ್ಕೊಂಡು ವಾಪಸ್ ಹೋದೆ ಅಂದ್ರಿ."

ಆಡುತ್ತಿದ್ದ ಬೆರಳುಗಳು ನಿಂತವು. ಡಬ್ಬದಲ್ಲಿ ಹಿಂದಿನ ವಾರದ ಪ್ರತಿ ಸರಿಯಾಗಿತ್ತು. ಆಮೇಲಿನ ಕೆಲಸವನ್ನು ಎರಡು ದಿನ ಕೂತು ಮತ್ತೆ ಮಾಡಿ, ಶನಿವಾರ ಬಸ್ಸಿಗೆ ಮೊದಲು ಅವಳಿಗೆ ಪೆನ್‌ಡ್ರೈವ್ ಕೊಟ್ಟರು. ಒಂದಲ್ಲ, ಮೂರು.

ಭಾನುವಾರ ನಮ್ಮಲ್ಲಿಗೆ ಇನ್ನೊಂದು ಡಿಸ್ಕ್ ತಂದರು. "ಇದರ ಮೇಲೆ ಏನೂ ಕಾಪಿ ಆಗ್ಬಾರ್ದು, ತಿಂಗಳು ಪೂರ್ತಿ ಯಾರಿಗೂ ಕೊಡ್ಬೇಡಿ ಅಕ್ಕ. ನಾನೇ ಬಂದು ಕೇಳಿದ್ರೂ ಕೊಡ್ಬೇಡಿ."

ಸೋಮವಾರ ಬಂದು ಆ ಹೊಸ ಡಿಸ್ಕನ್ನೇ ಕೇಳಿದರು. ನಾನು ಕೊಡಲಿಲ್ಲ. "ಕರೆಕ್ಟ್" ಎಂದು ಮೆಟ್ಟಿಲು ಹತ್ತಿ ಹೋದರು.